ಸ್ಟ್ಯಾಂಪ್ ಒತ್ತಿದರೆ ತೇಪೆ, ಬಣ್ಣ ಹಚ್ಚಿದರೆ ಕಲೆ: ಕೈಯಲ್ಲಿ ಮಾಡುವ ಕಾರ್ಡ್ ಎಲ್ಲಿ ಕೆಡುತ್ತದೆ?

ಪ್ರಶ್ನೆ: ಒಂದು ವರ್ಷದಿಂದ ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡುತ್ತಿದ್ದೇನೆ. ನನ್ನ ಹತ್ತಿರ ಪಾರದರ್ಶಕ ಸ್ಟ್ಯಾಂಪ್‌ಗಳ ಒಂದು ಸೆಟ್, ಒಂದು ಕಪ್ಪು ಇಂಕ್ ಪ್ಯಾಡ್, ಅಲಂಕಾರಕ್ಕೆ ಮಣಿ, ಸೀಕ್ವಿನ್, ರಿಬ್ಬನ್ ಇವೆ. ದೊಡ್ಡ ಹೂವಿನ ಸ್ಟ್ಯಾಂಪ್ ಒತ್ತಿದರೆ ನಡುವೆ ತೇಪೆ ತೇಪೆಯಾಗಿ ಬರುತ್ತದೆ, ಸುತ್ತ ಅಂಚಿನಲ್ಲಿ ಕಪ್ಪು ಗುರುತು ಬೀಳುತ್ತದೆ. ವಾಟರ್ ಕಲರ್ ಹಚ್ಚಿದ ಕೂಡಲೇ ಗೆರೆ ಕರಗಿ ಹೂವೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚಿತ್ರ ಉಬ್ಬಿ ಬರಲೆಂದು ಎಂಬಾಸಿಂಗ್ ಪೌಡರ್ ಉದುರಿಸಿ ಹೇರ್ ಡ್ರೈಯರ್ ಹಿಡಿದರೆ ಪುಡಿಯೆಲ್ಲ ಹಾರಿಹೋಯಿತು. ಅಂಟು ಒಣಗಿದ ಮೇಲೆ ಕಾರ್ಡ್ ಬಾಗುತ್ತದೆ, ಕವರ್ ತೆಗೆದು ನೋಡಿದರೆ ಮಣಿ ಉದುರಿರುತ್ತವೆ. ಪಾರದರ್ಶಕ ಸ್ಟ್ಯಾಂಪ್ ಕಳಪೆ, ಮರದ ಹಿಡಿಯ ರಬ್ಬರ್ ಸ್ಟ್ಯಾಂಪೇ ತಗೊಳ್ಳಬೇಕು ಎಂದು ಕೆಲವರು ಹೇಳುತ್ತಾರೆ. ಅಪ್ಪ ಅಮ್ಮನ ಮದುವೆಯ ನಲವತ್ತನೇ ವರ್ಷಕ್ಕೆ 50 ಕಾರ್ಡ್ ಮಾಡಿ ಅಂಚೆಯಲ್ಲಿ ಕಳಿಸಬೇಕು. ಎಲ್ಲವನ್ನೂ ಹೊಸದಾಗಿ ಕೊಳ್ಳಲೇಬೇಕಾ? ಅಥವಾ ನನ್ನ ಕೈಯೇ ಸರಿ ಇಲ್ಲವಾ?

ಉತ್ತರ: ನಿಮ್ಮ ಕೈ ಚೆನ್ನಾಗಿಯೇ ಇದೆ, ಆ ಚಿಂತೆ ಬಿಡಿ. ಸ್ಟ್ಯಾಂಪ್ ಕೂಡ ಬಹುಶಃ ಚೆನ್ನಾಗಿಯೇ ಇದೆ. ನೀವು ಐದಾರು ಬೇರೆ ಬೇರೆ ತೊಂದರೆ ಹೇಳಿದ್ದೀರಿ, ನನಗೆ ಅವುಗಳ ಹಿಂದೆ ಕಾಣುವುದು ಹೆಚ್ಚುಕಡಿಮೆ ಒಂದೇ ಕಾರಣ. ಒಂದಕ್ಕೊಂದು ಹೊಂದದ ಸಾಮಾನುಗಳು ಒಂದೇ ಕಾರ್ಡಿನ ಮೇಲೆ ಸೇರಿವೆ. ಕಾರ್ಡ್ ಮಾಡುವುದನ್ನು ಕಲಿಸುವಾಗ ನಾನು ಜಾಸ್ತಿ ನೋಡುವುದೂ ಇದನ್ನೇ. ಬಂದವರು ಮೊದಲು ಸ್ಟ್ಯಾಂಪ್ ಒತ್ತಿಬಿಡುತ್ತಾರೆ, ಆಮೇಲೆ ಇದಕ್ಕೆ ಯಾವ ಬಣ್ಣ ಹಚ್ಚಲಿ ಎಂದು ಯೋಚಿಸುತ್ತಾರೆ. ಯೋಚನೆ ಹಿಂದಿನಿಂದ ಮುಂದಕ್ಕೆ ಬರಬೇಕು. ಚಿತ್ರ ಒತ್ತಿದ ಮೇಲೆ ಅದಕ್ಕೆ ಏನು ಮಾಡುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. ಅದರ ಪ್ರಕಾರ ಇಂಕು, ಇಂಕಿನ ಪ್ರಕಾರ ಕಾಗದ.

ಸ್ಟ್ಯಾಂಪ್ ವಿಷಯ ಮೊದಲು ಮುಗಿಸೋಣ. ಕೆಂಪು ರಬ್ಬರಿನ ಸ್ಟ್ಯಾಂಪ್ ಹಳೆಯ ವಿದ್ಯೆ. ರಬ್ಬರಿಗೆ ಗಂಧಕ ಸೇರಿಸಿ ಬಿಸಿಮಾಡಿ ಗಟ್ಟಿಗೊಳಿಸುವ ವಲ್ಕನೈಸೇಶನ್‌ಗೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅಂಥ ರಬ್ಬರಿಲ್ಲದೆ ರಬ್ಬರ್ ಸ್ಟ್ಯಾಂಪ್ ಇಲ್ಲ. ನಿಮ್ಮ ಪಾರದರ್ಶಕ ಸ್ಟ್ಯಾಂಪ್ ಬೇರೆ ಜಾತಿಯದು. ದ್ರವರೂಪದ ಫೋಟೋಪಾಲಿಮರ್ ಮೇಲೆ ನೇರಳಾತೀತ ಬೆಳಕು ಬಿಟ್ಟು ಅದನ್ನು ಗಟ್ಟಿಮಾಡಿರುತ್ತಾರೆ. ಎರಡರಲ್ಲೂ ಅಚ್ಚುಕಟ್ಟಾದ ಕೆಲಸ ತೆಗೆಯಬಹುದು. ರಬ್ಬರ್ ಇಂಕನ್ನು ಚೆನ್ನಾಗಿ ಹಿಡಿಯುತ್ತದೆ, ತೀರಾ ಸಣ್ಣ ಗೆರೆಗಳನ್ನೂ ಬಿಡಿಸಿ ತೋರಿಸುತ್ತದೆ, ಕಟುವಾದ ಇಂಕುಗಳನ್ನೂ ತಡೆದುಕೊಳ್ಳುತ್ತದೆ. ಪಾರದರ್ಶಕ ಸ್ಟ್ಯಾಂಪಿನಲ್ಲಿ ಚಿತ್ರ ಎಲ್ಲಿ ಕೂರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. 50 ಕಾರ್ಡಿನಲ್ಲೂ ಹೂವು ಒಂದೇ ಜಾಗದಲ್ಲಿ ಬರಬೇಕು ಅನ್ನುವವರಿಗೆ ಇದು ಸಣ್ಣ ಅನುಕೂಲವೇನಲ್ಲ. ಪಾರದರ್ಶಕ ಎಂದು ಮಾರುವ ಅಗ್ಗದ ಸೆಟ್‌ಗಳಲ್ಲಿ ಸಿಲಿಕೋನ್‌ನಂಥವೂ ಇರುತ್ತವೆ. ಅವುಗಳ ಮೇಲೆ ಇಂಕು ನಿಲ್ಲುವುದೇ ಇಲ್ಲ, ಹನಿ ಹನಿಯಾಗಿ ಜಾರುತ್ತದೆ. ಅಂಥದ್ದಾದರೆ ನಿಮಗೆ ಬುದ್ಧಿ ಹೇಳಿದವರ ಮಾತು ಸರಿ. ಇಂಕು ತಾಗಿ ತಾಗಿ ಸ್ಟ್ಯಾಂಪ್ ಹಳದಿಯಾಗಿದೆ, ಕಪ್ಪಾಗಿದೆ ಅನ್ನುವುದನ್ನು ಮಾತ್ರ ಕೆಟ್ಟಿರುವ ಗುರುತೆಂದು ತಿಳಿಯಬೇಡಿ. ಅದು ಬರೀ ಕಲೆ, ಒತ್ತುವುದಕ್ಕೆ ಏನೂ ತೊಂದರೆಯಿಲ್ಲ.

ಹಾಗಾದರೆ ನಡುವೆ ತೇಪೆ ಯಾಕೆ? ಹೊಸ ಫೋಟೋಪಾಲಿಮರ್ ಸ್ಟ್ಯಾಂಪಿನ ಮೇಲ್ಮೈ ಬಹಳ ನುಣುಪು, ಜೊತೆಗೆ ತಯಾರಿಕೆಯ ಜಿಡ್ಡಿನ ತೆಳು ಪದರವೂ ಉಳಿದಿರುತ್ತದೆ. ಇಂಕು ಅಲ್ಲಿ ಸಮನಾಗಿ ಹರಡುವುದಿಲ್ಲ. ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಸ್ಟ್ಯಾಂಪಿನ ಮುಖವನ್ನು ಹಗುರವಾಗಿ ಉಜ್ಜಿ, ಪುಡಿ ಒರೆಸಿ. ರದ್ದಿ ಕಾಗದದ ಮೇಲೆ ನಾಲ್ಕೈದು ಸಲ ಒತ್ತಿ ಒರೆಸಿ. ಎಷ್ಟೋ ಸ್ಟ್ಯಾಂಪ್‌ಗಳು ಇಷ್ಟರಲ್ಲೇ ದಾರಿಗೆ ಬರುತ್ತವೆ.

ಇನ್ನೊಂದು ಕಾರಣ ಮೇಜು. ಮೇಜು ಗಟ್ಟಿ, ಪಾರದರ್ಶಕ ಸ್ಟ್ಯಾಂಪನ್ನು ಅಂಟಿಸಿ ಹಿಡಿಯುವ ಅಕ್ರಿಲಿಕ್ ಬ್ಲಾಕೂ ಗಟ್ಟಿ. ಕಣ್ಣಿಗೆ ಕಾಣದಷ್ಟು ಏರುತಗ್ಗು ಇದ್ದರೂ ಸ್ಟ್ಯಾಂಪಿನ ನಡುಭಾಗ ಕಾಗದಕ್ಕೆ ತಾಗುವುದಿಲ್ಲ. ರಬ್ಬರ್ ಸ್ಟ್ಯಾಂಪಿನ ಬೆನ್ನಿಗೆ ಸಾಮಾನ್ಯವಾಗಿ ಫೋಮ್ ಅಂಟಿಸಿರುತ್ತಾರೆ, ಅದರಿಂದಲೇ ಆ ಕಷ್ಟ ಅಲ್ಲಿ ಕಡಿಮೆ. ನಿಮ್ಮದಕ್ಕೆ ಆ ಫೋಮ್ ಇಲ್ಲ. ಅದರಿಂದ ಕಾಗದದ ಕೆಳಗೆ ತೆಳುವಾದ ಫೋಮ್ ಹಾಳೆಯನ್ನೋ ಹಳೆಯ ಮೌಸ್ ಪ್ಯಾಡನ್ನೋ ಇಡಿ. ಬ್ಲಾಕಿನ ಮೇಲೆ ಒಂದೇ ಕೈಯಲ್ಲಿ ಗುದ್ದಬೇಡಿ. ನಿಂತುಕೊಂಡು, ಎರಡೂ ಕೈಯ ಬೆರಳುಗಳನ್ನು ಹರಡಿ, ನೇರ ಮೇಲಿನಿಂದ ಅದುಮಿ. ಅದುಮಿದ ಮೇಲೆ ನಡುಭಾಗವನ್ನು ಬೆರಳಿನಿಂದ ಇನ್ನೊಮ್ಮೆ ಒತ್ತಿ, ಬ್ಲಾಕನ್ನು ಸೀದಾ ಮೇಲಕ್ಕೆತ್ತಿ.

ಅಂಚಿನ ಕಪ್ಪು ಗುರುತು ಇದರ ಇನ್ನೊಂದು ಮುಖ. ನಡುವೆ ಬರುತ್ತಿಲ್ಲ ಅಂತ ನೀವು ಜಾಸ್ತಿ ಇಂಕು ಹಚ್ಚಿರುತ್ತೀರಿ, ಜಾಸ್ತಿ ಒತ್ತಿರುತ್ತೀರಿ, ಬ್ಲಾಕನ್ನು ಆಚೀಚೆ ಆಡಿಸಿರುತ್ತೀರಿ. ಆಗ ಚಿತ್ರದ ಹೊರಗಿನ ತಗ್ಗು ಭಾಗಕ್ಕೆ ಮೆತ್ತಿದ ಇಂಕೂ ಕಾಗದಕ್ಕೆ ತಾಗುತ್ತದೆ. ಸ್ಟ್ಯಾಂಪನ್ನು ಪ್ಯಾಡಿಗೆ ಒತ್ತುವುದರ ಬದಲು, ಸ್ಟ್ಯಾಂಪಿನ ಮುಖ ಮೇಲೆ ಮಾಡಿಟ್ಟು ಪ್ಯಾಡಿನಿಂದ ಅದರ ಮೇಲೆ ಹಗುರವಾಗಿ ತಟ್ಟಿ. ಎಲ್ಲೆಲ್ಲಿ ಇಂಕು ಕೂತಿದೆ ಎಂಬುದು ಕಾಣುತ್ತದೆ, ಅಂಚಿಗೆ ಮೆತ್ತಿದ್ದನ್ನು ಬಟ್ಟೆಯ ತುದಿಯಿಂದ ಒರೆಸಬಹುದು. ಕೀಲಿನ ಮುಚ್ಚಳವಿರುವ ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್ ಎಂಬ ಸಾಧನ ಸಿಗುತ್ತದೆ. ಸ್ಟ್ಯಾಂಪ್ ಮುಚ್ಚಳಕ್ಕೆ ಅಂಟಿರುತ್ತದೆ, ಕಾಗದ ಆಯಸ್ಕಾಂತದಿಂದ ಕದಲದೆ ಕೂತಿರುತ್ತದೆ. ತೇಪೆ ಬಂದರೆ ಅದೇ ಜಾಗಕ್ಕೆ ಇನ್ನೊಮ್ಮೆ ಇಂಕು ಹಚ್ಚಿ ಮುಚ್ಚಿದರಾಯಿತು, ಗೆರೆ ಕೂದಲೆಳೆಯಷ್ಟೂ ಸರಿಯುವುದಿಲ್ಲ. ನೀವು ದುಡ್ಡು ಹಾಕಬಹುದಾದ ಒಂದೇ ದೊಡ್ಡ ಸಾಮಾನು ಇದು ಅಂತ ನನ್ನ ಅಭಿಪ್ರಾಯ. ಹೊಸ ಸ್ಟ್ಯಾಂಪ್ ಸೆಟ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈಗ ಇಂಕು. ನಿಮ್ಮ ಕಪ್ಪು ಪ್ಯಾಡ್ ನೀರಿನಲ್ಲಿ ಕರಗುವ ಡೈ ಇಂಕಿನದು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಕರಗಿದ ಗೆರೆಯೇ ಸಾಕ್ಷಿ. ಡೈ ಇಂಕಿನ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಅದು ಕಾಗದದೊಳಗೆ ಇಳಿಯುತ್ತದೆ, ಬೇಗ ಒಣಗುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಮತ್ತೆ ನೀರು ತಾಗಿದರೆ ಅನೇಕ ಡೈ ಇಂಕುಗಳು ಪುನಃ ಕರಗುತ್ತವೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಆ ಕಣಗಳು ಕಾಗದದ ಮೇಲೆಯೇ ಕೂರುತ್ತವೆ. ಅದರಿಂದ ಗೆರೆ ದಟ್ಟವಾಗಿ, ಚೂಪಾಗಿ ಕಾಣುತ್ತದೆ, ಬೆಳಕಿಗೂ ಬಾಳುತ್ತದೆ. ಆದರೆ ಒಣಗಲು ಹೊತ್ತು ಬೇಕು. ನುಣುಪು ಹೊಳಪಿನ ಕಾಗದದ ಮೇಲೆ ಒತ್ತಿದರಂತೂ ಕೆಲವು ಪಿಗ್ಮೆಂಟ್ ಇಂಕುಗಳು ದಿನಗಟ್ಟಲೆ ಒಣಗುವುದಿಲ್ಲ, ಬೆರಳು ತಾಗಿದರೆ ಎಳೆದುಕೊಂಡು ಬರುತ್ತವೆ. ಮೂರನೆಯದು ಸ್ಟೇಜ್‌ಆನ್‌ನಂಥ ಸಾಲ್ವೆಂಟ್ ಇಂಕು, ಅಂದರೆ ನೀರಿನ ಬದಲು ರಾಸಾಯನಿಕ ದ್ರಾವಕದಲ್ಲಿ ಮಾಡಿದ್ದು. ಪ್ಲಾಸ್ಟಿಕ್, ಗಾಜು, ಲೋಹದ ಮೇಲೂ ನಿಲ್ಲುತ್ತದೆ. ನಿಮ್ಮ ಕೆಲಸಕ್ಕೆ ಅದು ಬೇಡ. ಪಾರದರ್ಶಕ ಸ್ಟ್ಯಾಂಪಿಗೆ ಪದೇ ಪದೇ ಬಳಸುವುದೂ ಒಳ್ಳೆಯದಲ್ಲ.

ವಾಟರ್ ಕಲರೇ ಬೇಕೆಂದರೆ ಒಣಗಿದ ಮೇಲೆ ನೀರಿಗೆ ಕರಗದ ಕಪ್ಪು ಪ್ಯಾಡ್ ತಗೊಳ್ಳಿ. ಪೊಟ್ಟಣದ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿರುತ್ತದೆ. ವರ್ಸಾಫೈನ್‌ನಂಥ ಸಣ್ಣ ಗೆರೆಗೆ ಹೊಂದುವ ಪಿಗ್ಮೆಂಟ್ ಇಂಕುಗಳು ಇದಕ್ಕೆ ಚೆನ್ನಾಗಿವೆ. ಅಪಾಯ ಒಂದೇ, ಆತುರ. ಕೈಗೆ ಒಣಗಿದಂತೆ ಅನಿಸಿದರೂ ಒಳಗೆ ಹಸಿ ಇರುತ್ತದೆ. ಆಲ್ಕೋಹಾಲ್ ಮಾರ್ಕರ್ ಬಳಸುವವರಿಗೆ ಲೆಕ್ಕ ಉಲ್ಟಾ. ನೀರಿಗೆ ಜಗ್ಗದ ಸಾಲ್ವೆಂಟ್ ಇಂಕು ಅಲ್ಲಿ ಕರಗಿಹೋಗುತ್ತದೆ, ಪಿಗ್ಮೆಂಟ್ ಇಂಕು ಮೆತ್ತಿಕೊಂಡು ಮಾರ್ಕರಿನ ತುದಿಯನ್ನೇ ಕೊಳೆ ಮಾಡಬಹುದು. ಮೆಮೆಂಟೋದಂಥ ಡೈ ಇಂಕು ಅದಕ್ಕೆ ಸರಿಹೊಂದುತ್ತದೆ. ಏನೂ ಕೊಳ್ಳುವುದು ಬೇಡ ಅನ್ನುವುದಾದರೆ ಇರುವ ಪ್ಯಾಡಿನಲ್ಲೇ ಒತ್ತಿ ಕಲರ್ ಪೆನ್ಸಿಲ್ ಹಚ್ಚಿ. ನೀರೇ ಇಲ್ಲದ ಕಡೆ ಗೆರೆ ಕರಗುವ ಮಾತೆಲ್ಲಿ? 50 ಕಾರ್ಡಿಗೆ ಇದು ನಿಧಾನದ ಕೆಲಸ ನಿಜ, ಆದರೆ ಹಾಳಾಗುವ ಭಯ ಇಲ್ಲವೇ ಇಲ್ಲ.

ಯಾವ ಇಂಕೇ ಇರಲಿ, ನೀವು ಬಳಸುವ ಕಾಗದದ ಮೇಲೆಯೇ ಒಂದು ಪರೀಕ್ಷೆ ಮಾಡಿ. ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ, ಸಣ್ಣ ಸ್ಟ್ಯಾಂಪನ್ನು ಸಾಲಾಗಿ ಐದು ಕಡೆ ಒತ್ತಿ. ಒದ್ದೆ ಬ್ರಶ್ಶನ್ನು ಮೊದಲನೆಯದರ ಮೇಲೆ ಒಂದು ನಿಮಿಷಕ್ಕೆ ಎಳೆಯಿರಿ, ಎರಡನೆಯದರ ಮೇಲೆ ಹತ್ತು ನಿಮಿಷಕ್ಕೆ, ಮೂರನೆಯದಕ್ಕೆ ಒಂದು ಗಂಟೆ, ನಾಲ್ಕನೆಯದಕ್ಕೆ ಆರು ಗಂಟೆ, ಕೊನೆಯದಕ್ಕೆ ಮಾರನೇ ದಿನ. ಪ್ರತಿಯೊಂದರ ಕೆಳಗೂ ಹೊತ್ತು ಬರೆದಿಡಿ. ಮೊದಲನೆಯದರಲ್ಲಿ ಬ್ರಶ್ಶಿನ ಹಿಂದೆಯೇ ಕಪ್ಪು ಬಾಲ ಎಳೆದುಕೊಳ್ಳಬಹುದು, ಎರಡನೆಯದರಲ್ಲಿ ತೆಳು ಬೂದಿ ನೆರಳು. ಎಲ್ಲಿಂದ ಮುಂದೆ ನೀರು ತಿಳಿಯಾಗಿಯೇ ಉಳಿಯುತ್ತದೋ ಅಷ್ಟು ಹೊತ್ತು ನೀವು ಕಾಯಬೇಕು. ಐದನೆಯದರಲ್ಲೂ ಕಲೆ ಬಂದರೆ ಆ ಇಂಕು, ಆ ಕಾಗದ ವಾಟರ್ ಕಲರಿಗೆ ಆಗುವುದಿಲ್ಲ. ಪಟ್ಟಿಯನ್ನು ಎಸೆಯಬೇಡಿ, ಪ್ಯಾಡಿನ ಡಬ್ಬಿಯೊಳಗೆ ಇಟ್ಟುಕೊಳ್ಳಿ.

ಎಂಬಾಸಿಂಗ್‌ನಲ್ಲಿ ನಿಮಗೆ ಎರಡು ಕಡೆಯಿಂದ ಏಟು ಬಿದ್ದಿದೆ. ಹೇರ್ ಡ್ರೈಯರಿನಲ್ಲಿ ಗಾಳಿ ಜಾಸ್ತಿ, ಪುಡಿ ಕರಗುವಷ್ಟು ಶಾಖ ಇಲ್ಲ. ಎಂಬಾಸಿಂಗ್ ಪೌಡರ್ ಎಂದರೆ ಬಿಸಿಗೆ ಕರಗಿ ಮೇಣದಂತೆ ಹರಡುವ ಪ್ಲಾಸ್ಟಿಕ್ ಪುಡಿ. ಅದಕ್ಕೆ ಹೀಟ್ ಗನ್ನೇ ಬೇಕು, ಅದರಲ್ಲಿ ಗಾಳಿ ಕಡಿಮೆ, ಬಿಸಿ ಬಹಳ. ಎರಡನೆಯ ಏಟು ಇಂಕಿನದು. ನಿಮ್ಮ ಡೈ ಇಂಕು ಪುಡಿ ಉದುರಿಸುವ ಮೊದಲೇ ಒಣಗಿಬಿಟ್ಟಿರುತ್ತದೆ, ಪುಡಿ ಅಂಟುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ವರ್ಸಾಮಾರ್ಕ್‌ನಂಥ ನಿಧಾನಕ್ಕೆ ಒಣಗುವ ಪ್ಯಾಡ್ ಬೇಕು. ಪಿಗ್ಮೆಂಟ್ ಇಂಕಾದರೂ ಸರಿ.

ಒತ್ತುವ ಮೊದಲು ತೆಳು ಬಟ್ಟೆಯಲ್ಲಿ ಕಟ್ಟಿದ ಟಾಲ್ಕಂ ಪೌಡರನ್ನು ಕಾಗದದ ಮೇಲೆ ತಟ್ಟಿ. ಬೆರಳಿನ ಜಿಡ್ಡು ಇದ್ದ ಕಡೆಯೆಲ್ಲ ಪುಡಿ ಅಂಟುವುದು ತಪ್ಪುತ್ತದೆ. ಒತ್ತಿ, ಪುಡಿ ಉದುರಿಸಿ, ಹೆಚ್ಚಿನದನ್ನು ಬೇರೊಂದು ಕಾಗದದ ಮೇಲೆ ಕೊಡವಿ ಡಬ್ಬಿಗೆ ಹಾಕಿ. ಹೀಟ್ ಗನ್ನನ್ನು ಕಾರ್ಡಿನಿಂದ ದೂರ ಹಿಡಿದು ಕೆಲವು ಸೆಕೆಂಡ್ ಬಿಸಿಯಾಗಲು ಬಿಡಿ, ಆಮೇಲೆ ಹತ್ತಿರ ತನ್ನಿ. ಸಕ್ಕರೆಯಂತೆ ತರಿತರಿಯಾಗಿದ್ದ ಪುಡಿ ಒಂದು ತುದಿಯಿಂದ ಫಳ್ಳನೆ ಹೊಳೆಯತೊಡಗುತ್ತದೆ. ಹೊಳೆದ ಜಾಗದಿಂದ ಗನ್ನನ್ನು ಆಗಲೇ ಮುಂದಕ್ಕೆ ಸರಿಸಿ. ಅಲ್ಲೇ ನಿಂತರೆ ಕರಗಿದ್ದು ಕಾಗದದೊಳಗೆ ಇಳಿದು ಎಣ್ಣೆ ಕಲೆ ಬೀಳುತ್ತದೆ, ಉಬ್ಬು ಹೋಗುತ್ತದೆ, ಹೊಳಪೂ ಹೋಗುತ್ತದೆ. ಕಾರ್ಡನ್ನು ಬೆರಳಲ್ಲಿ ಹಿಡಿಯಬೇಡಿ, ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿಯಿರಿ. ಬಿಸಿ ಇಸ್ತ್ರಿ ಪೆಟ್ಟಿಗೆಗೆ ಕಾರ್ಡಿನ ಬೆನ್ನು ತಾಗಿಸಿಯೂ ಪುಡಿ ಕರಗಿಸುತ್ತಾರೆ, ಆಗುತ್ತದೆ. ಆದರೆ ಕೈ ಸುಡುವ, ಕಾಗದ ಕಂದುವ ಸಂಭವ ಜಾಸ್ತಿ, 50 ಸಲ ಮಾಡುವ ಕೆಲಸ ಅದಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೂವನ್ನು ಬಣ್ಣಕ್ಕೆ ಬಿಟ್ಟು, ಶುಭಾಶಯದ ಅಕ್ಷರಗಳನ್ನು ಮಾತ್ರ ಬಂಗಾರದ ಬಣ್ಣದಲ್ಲಿ ಎಂಬಾಸ್ ಮಾಡುತ್ತಿದ್ದೆ. ಹೀಟ್ ಗನ್ ಸಿಗದಿದ್ದರೆ ಅದನ್ನೂ ಬಿಟ್ಟುಬಿಡಿ. ಅಕ್ಷರ ಕಪ್ಪು ಇಂಕಿನಲ್ಲೂ ಚೆನ್ನಾಗಿ ಕಾಣುತ್ತದೆ.

ಕಾರ್ಡ್ ಬಾಗುವುದು ಕಾಗದದ ಸ್ವಭಾವ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರು ಕುಡಿದಾಗ ಒಂದೊಂದು ನಾರೂ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ದಪ್ಪಕ್ಕೆ ಉಬ್ಬುತ್ತದೆ. ಬಿಳಿ ಅಂಟಿನಲ್ಲಿ ನೀರೇ ಜಾಸ್ತಿ. ಒಂದು ಮುಖಕ್ಕೆ ಮಾತ್ರ ಹಚ್ಚಿದರೆ ಆ ಮುಖ ಹಿಗ್ಗಿ, ಒಣಗುವಾಗ ಕುಗ್ಗಿ, ಹಾಳೆಯನ್ನೇ ಎಳೆದುಕೊಳ್ಳುತ್ತದೆ. ಅದರಿಂದ ದೊಡ್ಡ ತುಂಡುಗಳನ್ನು ಡಬಲ್ ಸೈಡ್ ಟೇಪಿನಿಂದಲೇ ಅಂಟಿಸಿ. ಬಿಳಿ ಅಂಟು ಸಣ್ಣ ತುಂಡುಗಳಿಗೆ ಇರಲಿ, ಅದೂ ತೆಳುವಾಗಿ. ಟೇಪಿನಲ್ಲಿ ಒಂದು ಕಷ್ಟವಿದೆ, ಸೊಟ್ಟ ಅಂಟಿಸಿದರೆ ಬಿಡಿಸಲಾಗದು. ಹಾಗಾಗಿ ನಡುವೆ ಮಾತ್ರ ಒಂದು ಚುಕ್ಕಿ ಅಂಟು ಹಾಕಿ. ಅದು ಹಸಿ ಇರುವಷ್ಟು ಹೊತ್ತು ತುಂಡನ್ನು ಸ್ವಲ್ಪ ಸರಿಸಿಕೊಳ್ಳಬಹುದು.

ನಾರಿನ ದಿಕ್ಕು ಮಡಿಕೆಗೂ ಮುಖ್ಯ. ಹಾಳೆಯನ್ನು ಎರಡೂ ಕಡೆಗೆ ಸುಮ್ನೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಹಾಗೇ ಬರಬೇಕು. ಎದುರು ದಿಕ್ಕಿಗೆ ಮಡಚಿದರೆ ಮಡಿಕೆ ಬಿರಿದು ನಾರು ಕಾಣುತ್ತದೆ. ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ. ಅಂಥ ಹಾಳೆಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿದರೆ 148 ಮತ್ತು 210 ಮಿಲಿಮೀಟರಿನ ಎರಡು ತುಂಡು. ಒಂದೊಂದನ್ನೂ 210ರ ನಡುವೆ, ಅಂದರೆ 105ಕ್ಕೆ ಮಡಚಿದರೆ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ. ಕಾರ್ಡಿನ ಅಳತೆ 105 ಮತ್ತು 148 ಆಯಿತು, ಸಿ6 ಕವರಿನಲ್ಲಿ ಸರಿಯಾಗಿ ಕೂರುತ್ತದೆ. 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ದಪ್ಪದ 25 ಹಾಳೆಯಲ್ಲಿ ನಿಮ್ಮ 50 ಕಾರ್ಡೂ ಬಂದವು. ಮಡಚುವ ಮೊದಲು ಇಂಕು ಮುಗಿದ ಬಾಲ್ ಪೆನ್ನಿನಿಂದ ಸ್ಕೇಲಿಟ್ಟು ಗೆರೆ ಕೊರೆಯಿರಿ. ಗೆರೆಯ ಹಿಂಬದಿಗೆ ಉಬ್ಬುವ ಏಣು ಮಡಿಕೆಯ ಒಳಗಡೆ ಇರಬೇಕು.

ಇನ್ನೊಂದು ಮಾತು, ಇದು ನಿಮ್ಮ ಅರ್ಧ ಆತಂಕ ಕಳೆಯುತ್ತದೆ. ಕಾರ್ಡಿನ ಮೇಲೆ ನೇರವಾಗಿ ಸ್ಟ್ಯಾಂಪ್ ಒತ್ತಬೇಡಿ. ನುಣುಪಾದ, ಹೊಳಪಿಲ್ಲದ ಬಿಳಿ ಹಾಳೆಯಲ್ಲಿ 95 ಮತ್ತು 138 ಮಿಲಿಮೀಟರಿನ ತುಂಡುಗಳನ್ನು ಕತ್ತರಿಸಿ, ಕೆಲಸವೆಲ್ಲ ಅದರ ಮೇಲೆ ಆಗಲಿ, ಆಮೇಲೆ ಅದನ್ನು ಕಾರ್ಡಿನ ಮುಂಭಾಗಕ್ಕೆ ಅಂಟಿಸಿ. ಕೆಟ್ಟರೆ ಒಂದು ತುಂಡು ಕೆಟ್ಟೀತು. ಒಂದು ಎ4ನಲ್ಲಿ ನಾಲ್ಕು ತುಂಡು ಸಿಗುತ್ತವೆ, 16 ಹಾಳೆ ತಂದರೆ 14 ತುಂಡು ಹೆಚ್ಚಿಗೆ ಉಳಿದಿರುತ್ತವೆ. ವಾಟರ್ ಕಲರಿಗೆಂದೇ ಬರುವ ಕಾಗದ ಬೇಕಿದ್ದರೆ ಹಾಟ್ ಪ್ರೆಸ್ ಎಂದಿರುವುದನ್ನು ಕೇಳಿ. ಕೋಲ್ಡ್ ಪ್ರೆಸ್ ತರಿತರಿಯಾಗಿರುತ್ತದೆ, ಅದರ ಮೇಲೆ ಒಳ್ಳೆಯ ಸ್ಟ್ಯಾಂಪ್ ಕೂಡ ತೇಪೆಯಾಗಿಯೇ ಬರುತ್ತದೆ.

ಮಣಿ ಉದುರುವುದಕ್ಕೂ ಅಂಟಿಗೂ ಸಂಬಂಧ ಇದೆ. ಬಿಳಿ ಅಂಟು ಕಾಗದ, ಬಟ್ಟೆಯಂಥ ಹೀರುವ ವಸ್ತುವಿಗೆ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಮಣಿ ಏನನ್ನೂ ಹೀರುವುದಿಲ್ಲ. ಗುಂಡು ಮಣಿಯಾದರೆ ಕಾಗದಕ್ಕೆ ತಾಗುವುದು ಒಂದು ಚುಕ್ಕಿಯಷ್ಟು ಜಾಗ ಮಾತ್ರ, ಕಾರ್ಡ್ ಸ್ವಲ್ಪ ಬಾಗಿದರೂ ಬಿಟ್ಟುಕೊಳ್ಳುತ್ತದೆ. ಬೆನ್ನು ಚಪ್ಪಟೆ ಇರುವ ಅರೆಮಣಿ ಆರಿಸಿ. ಪ್ಲಾಸ್ಟಿಕ್ಕಿಗೂ ಹಿಡಿಯುವ, ಒಣಗಿದರೆ ಕಾಣದ ಕ್ರಾಫ್ಟ್ ಅಂಟು ತಗೊಳ್ಳಿ. ಅಂಟಿನ ಹನಿ ಮಣಿಗಿಂತ ತುಸು ದೊಡ್ಡದಿರಲಿ. ಮಣಿ ಇಟ್ಟಾಗ ಅಂಟು ಅದರ ಅಂಚಿಗೆ ಏರಿ ಸುತ್ತಲೂ ಹಿಡಿದುಕೊಳ್ಳಬೇಕು. ಒಂದು ರಾತ್ರಿ ಅಲುಗಾಡಿಸದೆ ಬಿಡಿ. ಎಂಬಾಸ್ ಮಾಡಿದ ಜಾಗದ ಮೇಲೆ ಮಣಿ ಬೇಡ, ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ನಿಲ್ಲುವುದು ಕಷ್ಟ. ಸೀಕ್ವಿನ್‌ಗೆ ತೂತು ಇರುತ್ತದಲ್ವಾ, ಮುಂಭಾಗದ ತುಂಡನ್ನು ಕಾರ್ಡಿಗೆ ಅಂಟಿಸುವ ಮೊದಲೇ ಸೂಜಿ ದಾರದಿಂದ ಎರಡು ಹೊಲಿಗೆ ಹಾಕಿಬಿಡಿ. ಗಂಟು ಹಿಂದೆ ಮುಚ್ಚಿಹೋಗುತ್ತದೆ, ಆಮೇಲೆ ಅದು ಉದುರುವ ಮಾತೇ ಇಲ್ಲ. ರಿಬ್ಬನ್ನಿನ ತುದಿಗಳೂ ಹಾಗೆಯೇ ಹಿಂದೆ ಹೋಗಲಿ, ಗಂಟಿನ ಉಬ್ಬಿಗೆ ಸರಿಯಾಗಿ ಉಳಿದ ಕಡೆ ಫೋಮ್ ಟೇಪ್ ಹಾಕಿ.

ಗ್ಲಿಟರ್ ವಿಚಾರ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಬೇಡ. ಅದು ಕವರಿನೊಳಗೆ ಉದುರಿ ಮನೆಯೆಲ್ಲ ಹರಡುತ್ತದೆ, ಕೊನೆಗೆ ನೀರಿಗೆ ಸೇರುತ್ತದೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಅದರ ಮಾರಾಟಕ್ಕೆ ನಿರ್ಬಂಧ ಹಾಕಿದೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹೋಗುವ ಕಾರ್ಡಿಗೆ ಮಣಿಯನ್ನೂ ಅಂಟಿಸಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು. ಅಂಥವನ್ನು ರಿಬ್ಬನ್ನಿನಲ್ಲೇ ಮುಗಿಸಿ ಬೇರೆ ಇಟ್ಟುಕೊಳ್ಳಿ.

ಹಾಗಾದರೆ ನೀವು ಕೊಳ್ಳಬೇಕಾದ್ದು ಒಂದು ವಾಟರ್‌ಪ್ರೂಫ್ ಕಪ್ಪು ಪ್ಯಾಡ್, ಡಬಲ್ ಸೈಡ್ ಟೇಪ್, ಒಳ್ಳೆಯ ಕ್ರಾಫ್ಟ್ ಅಂಟು, ಒಂದು ಫೋಮ್ ಹಾಳೆ. ಪ್ಲಾಟ್‌ಫಾರ್ಮ್ ಮತ್ತು ಹೀಟ್ ಗನ್ ಆದರೆ ಆಯಿತು, ಇಲ್ಲದಿದ್ದರೂ ನಡೆಯುತ್ತದೆ. ಒಂದೊಂದು ಕಾರ್ಡನ್ನೂ ಮೊದಲಿನಿಂದ ಕೊನೆಯವರೆಗೆ ಮುಗಿಸುತ್ತಾ ಹೋಗಬೇಡಿ. ಅಕ್ಷರ ಎಂಬಾಸ್ ಮಾಡುವುದಾದರೆ ಅದನ್ನು ಎಲ್ಲಕ್ಕೂ ಮೊದಲು ಮುಗಿಸಿಕೊಳ್ಳಿ. ಹಸಿ ಹೂವಿನ ಮೇಲೆ ಪುಡಿ ಬಿದ್ದರೆ ಅಲ್ಲೂ ಅಂಟಿಕೊಳ್ಳುತ್ತದೆ. ಆಮೇಲೆ ಒಂದು ದಿನ ಹೂವು ಮಾತ್ರ ಒತ್ತಿ ಹರಡಿಡಿ, ಮಾರನೇ ದಿನ ಬಣ್ಣ, ಆಮೇಲೆ ಮಣಿ, ಕೊನೆಗೆ ಜೋಡಣೆ. ನಡುನಡುವೆ ಸ್ಟ್ಯಾಂಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ದಿನದ ಕೆಲಸ ಮುಗಿದ ಮೇಲೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು, ಬಿಸಿಲು ಬೀಳದ ಕಡೆ ಅದರದೇ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಡಿ. ಮುಂದೆ ಮರದ ಹಿಡಿಯ ಸ್ಟ್ಯಾಂಪ್ ಕೊಂಡರೆ ಅದನ್ನು ಮಾತ್ರ ನೀರಿನಲ್ಲಿ ನೆನೆಸಬೇಡಿ, ಫೋಮಿನ ಅಂಟು ಬಿಡುತ್ತದೆ.

ಮೊದಲು ಪೂರ್ತಿಯಾದ ಕಾರ್ಡನ್ನು ಪಕ್ಕಕ್ಕೆ ಎತ್ತಿಡಬೇಡಿ. ಮಣಿಗಳ ಮೇಲೆ ಒಂದು ತೆಳು ರಟ್ಟು ಮುಚ್ಚಿ, ಕವರಿಗೆ ಹಾಕಿ, ನಿಮ್ಮದೇ ವಿಳಾಸ ಬರೆದು ಅಂಚೆಗೆ ಹಾಕಿ. ಅಂಚೆಯ ಯಂತ್ರಗಳಲ್ಲಿ ಉಬ್ಬುತಗ್ಗಿನ ಕವರ್ ಸಿಕ್ಕಿಕೊಳ್ಳುತ್ತದೆ, ಮಣಿ ಒತ್ತಿ ಕಾಗದಕ್ಕೆ ಗುಳಿ ಬೀಳುತ್ತದೆ. ಮನೆಗೆ ಬಂದ ಕವರನ್ನು ಬಿಚ್ಚಿ ನೋಡಿದ ಮೇಲೆ ಉಳಿದ ಕಾರ್ಡ್‌ಗಳಿಗೆ ಮಣಿ ಎಲ್ಲಿ ಇಡಬೇಕು, ಇಡಬೇಕೋ ಬೇಡವೋ ತೀರ್ಮಾನಿಸಿ.